ಹುಳ ಹಾಕಿದರೂ ಬೆಳೆಯದ ನೀರಗಿಡ: ಮುಧೋಳದ ತೊಟ್ಟಿಯಲ್ಲಿ ಕೊರತೆ ಯಾವುದು?

ಪ್ರಶ್ನೆ: ನಾನು ಮುಧೋಳದಲ್ಲಿ ಹೈಸ್ಕೂಲ್ ವಿಜ್ಞಾನ ಶಿಕ್ಷಕಿ. ಮಕ್ಕಳಿಗೆ ತೋರಿಸೋಣ ಅಂತ ನೀರಿನಲ್ಲಿ ಬೆಳೆಯುವ ಎರಡು ಕೀಟಾಹಾರಿ ಗಿಡ ತರಿಸಿದ್ದೆ. ಒಂದು ಯುಟ್ರಿಕ್ಯುಲೇರಿಯಾ ಆರಿಯಾ, ಇನ್ನೊಂದು ಅಲ್ಡ್ರೊವಾಂಡ. ಮಾಳಿಗೆ ಮೇಲೆ ಮೊದಲು ಅಝೋಲಾ ಬೆಳೆಸುತ್ತಿದ್ದ ಸಿಮೆಂಟ್ ತೊಟ್ಟಿ ಖಾಲಿ ಇತ್ತು. ಅದಕ್ಕೆ ಬೋರ್ ನೀರು ತುಂಬಿಸಿ ಗಿಡ ಬಿಟ್ಟೆ. ಒಂದು ವಾರ ಚೆನ್ನಾಗಿದ್ದವು. ಆಮೇಲೆ ಹಿಂದಿನ ತುದಿ ಕೊಳೆಯುತ್ತಾ ಬಂತು, ಮುಂದಕ್ಕೆ ಬೆಳವಣಿಗೆಯೇ ಇಲ್ಲ, ಹುಳ ಹಿಡಿಯುವ ಬೋನುಗಳು ಚಿಕ್ಕದಾದವು. ತೊಟ್ಟಿ ತುಂಬ ದಾರದಂತಹ ಹಾವಸಿ. ಆಹಾರ ಸಾಲುತ್ತಿಲ್ಲವೇನೋ ಅಂತ ಸೊಳ್ಳೆಮರಿ ಹಾಕಿದೆ. ಎನ್‌ಪಿಕೆ ಗೊಬ್ಬರ ಒಂದು ಚಮಚ ಹಾಕಿದೆ. ಇನ್ನೂ ಕೆಟ್ಟಿತು. ಪಿಎಚ್ ಕಾಗದ 8.5ರ ಆಸುಪಾಸು ತೋರಿಸುತ್ತದೆ. ನಿಂಬೆಹಣ್ಣು ಹಿಂಡಿದರೆ ಸರಿಹೋಗುತ್ತದಾ? ಖಾನಾಪುರದ ಕಡೆ ಪ್ರವಾಸ ಹೋದಾಗ ಅಲ್ಲಿಂದ ಬೇರೆ ಗಿಡ ಕಿತ್ತು ತರಬಹುದಾ?

ಉತ್ತರ: ಟೀಚರ್, ಹಿಂದಿನ ತುದಿ ಕೊಳೆಯುವುದಕ್ಕೆ ಹೆದರಬೇಡಿ. ಅದು ರೋಗ ಅಲ್ಲ. ಈ ಎರಡೂ ಗಿಡಕ್ಕೆ ಬೇರೇ ಇಲ್ಲ. ನೀರಿನಲ್ಲಿ ತೇಲುತ್ತಾ ಒಂದು ಕಡೆ ಬೆಳೆಯುತ್ತವೆ, ಇನ್ನೊಂದು ಕಡೆ ಸಾಯುತ್ತವೆ. ಎಲ್ಲ ಹದವಾಗಿದ್ದರೆ ಅಲ್ಡ್ರೊವಾಂಡ ದಿನಕ್ಕೆ ಒಂದು ಹೊಸ ಎಲೆಸುತ್ತು (ಕಾಂಡದ ಸುತ್ತ ಉಂಗುರದ ಹಾಗೆ ಬರುವ ಎಲೆಗಳು) ಬಿಡುತ್ತದೆ, ಕೆಲವು ಸಲ ಅದಕ್ಕಿಂತ ಜಾಸ್ತಿ. ಅಷ್ಟು ವೇಗವಾಗಿ ಬೆಳೆಯಲು ಬೇಕಾದ ಸಾರಜನಕ, ರಂಜಕದಲ್ಲಿ ಒಂದು ಪಾಲನ್ನು ಹಳೆಯ ಸುತ್ತುಗಳಿಂದಲೇ ವಾಪಸ್ ಎಳೆದುಕೊಂಡು ಕುಡಿಗೆ ಕಳಿಸುತ್ತದೆ. ಆದ್ದರಿಂದ ಬಾಲ ಕಂದಾಗಿದೆ ಅಂತ ಕತ್ತರಿಯಿಂದ ಕತ್ತರಿಸಬೇಡಿ.

ನೀವು ನೋಡಬೇಕಾದ್ದು ಕುಡಿ. ಕುಡಿಯಿಂದ ನಾಲ್ಕೈದು ಸುತ್ತು ಕೆಳಗೆ ಕಾಂಡಕ್ಕೆ ಹತ್ತಿಯ ತೆಳು ದಾರವೊಂದನ್ನು ಸಡಿಲವಾಗಿ ಕಟ್ಟಿ. ಒಂದು ವಾರ ಬಿಟ್ಟು ದಾರದ ಮೇಲೆ ಎಷ್ಟು ಹೊಸ ಸುತ್ತು ಬಂದಿವೆ ಎಣಿಸಿ. ಉದ್ದ ಅಳೆದರೆ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಹಿಂದೆ ಹೋಗಿದ್ದು ಮುಂದೆ ಬಂದಿರುತ್ತದೆ. ಏಳೆಂಟು ಸುತ್ತು ಬಂದಿದ್ದರೆ ಗಿಡ ಆರಾಮಾಗಿದೆ. ಒಂದೋ ಎರಡೋ ಬಂದಿದ್ದು, ಹೊಸ ಸುತ್ತು ಹಳೆಯದಕ್ಕಿಂತ ಸಣ್ಣದಾಗುತ್ತಾ ಹೋಗಿದ್ದರೆ ಏನೋ ಕೊರತೆ ಇದೆ. ನಿಮ್ಮ ವಿವರಣೆ ಓದಿದರೆ ಎರಡನೆಯದೇ ಅನ್ನಿಸುತ್ತದೆ.

ಕೊರತೆ ಯಾವುದು? ಕೀಟಾಹಾರಿ ಗಿಡ ಅಂದ ಕೂಡಲೇ ಎಲ್ಲರ ತಲೆಗೂ ಮೊದಲು ಹೊಳೆಯುವುದು ಹುಳ. ಹುಳ ಸಾಲದಿದ್ದರೆ ಗೊಬ್ಬರ. ನೀವೂ ಅದೇ ದಾರಿ ಹಿಡಿದಿದ್ದೀರಿ. ಆದರೆ ನೀರಿನಲ್ಲಿರುವ ಈ ಗಿಡಗಳಿಗೆ ನಮ್ಮ ಕಡೆಯ ತೊಟ್ಟಿಗಳಲ್ಲಿ ಮೊದಲು ಕಡಿಮೆ ಬೀಳುವುದು ಇಂಗಾಲ. ಅಂದರೆ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್. ಹುಳದಿಂದ ಗಿಡ ಪಡೆಯುವುದು ಮುಖ್ಯವಾಗಿ ಸಾರಜನಕ ಮತ್ತು ರಂಜಕ. ಮೈ ಕಟ್ಟುವ ಇಂಗಾಲವನ್ನು ಅದು ಬೇರೆ ಗಿಡಗಳ ಹಾಗೆ ಬೆಳಕಿನಲ್ಲಿ ತಾನೇ ಮಾಡಿಕೊಳ್ಳಬೇಕು. ಹಿಟ್ಟೇ ಇಲ್ಲದ ಮನೆಯಲ್ಲಿ ಪಲ್ಯ ಎಷ್ಟು ಮಾಡಿದರೇನು, ರೊಟ್ಟಿ ಆಗೋದಿಲ್ಲ, ಅಲ್ವಾ?

ನೆಲದ ಮೇಲಿನ ಗಿಡಕ್ಕೆ ಈ ಚಿಂತೆ ಕಡಿಮೆ. ಗಾಳಿ ಓಡಾಡುತ್ತಿರುತ್ತದೆ, ಎಲೆಯ ಹತ್ತಿರ ಅನಿಲ ಮುಗಿದರೆ ಮತ್ತೆ ಬರುತ್ತದೆ. ನೀರಿನಲ್ಲಿ ಅದೇ ಅನಿಲ ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ನಿಂತ ನೀರಿನಲ್ಲಿ ಎಲೆಯ ಸುತ್ತ ಇರುವುದು ಖಾಲಿಯಾದರೆ ಗಿಡ ಕಾಯಬೇಕು. ಗಾಳಿಯ ಜೊತೆ ಸಮತೋಲನಕ್ಕೆ ಬಂದ ನೀರಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ ಇರುತ್ತದೆ ಅಷ್ಟೆ. ಚೆಕ್ ದೇಶದ ಟ್ರೆಬೊನ್ ಊರಿನಲ್ಲಿ ಲುಬೊಮೀರ್ ಅದಾಮೆಟ್ಸ್ ಅನ್ನುವ ಸಸ್ಯವಿಜ್ಞಾನಿ ದಶಕಗಳಿಂದ ಈ ಗಿಡಗಳನ್ನೇ ಬೆಳೆಸಿ ಅಳೆದಿದ್ದಾರೆ. ಅಲ್ಡ್ರೊವಾಂಡ ಹುಲುಸಾಗಿ ಬೆಳೆಯಲು ಲೀಟರಿಗೆ ಸುಮಾರು 4–5 ಮಿಲಿಗ್ರಾಂ ಮೇಲೆ ಬೇಕು ಅನ್ನುವುದು ಅವರ ಕೆಲಸದಿಂದ ಗೊತ್ತಾಗುವ ಲೆಕ್ಕ. ಅಂದರೆ ಸುಮ್ನೆ ಗಾಳಿಗೆ ಬಿಟ್ಟ ನೀರಿನಲ್ಲಿ ಇರುವುದಕ್ಕಿಂತ ಏಳೆಂಟು ಪಟ್ಟು.

ಇಲ್ಲೇ ಇನ್ನೊಂದು ತೊಡಕಿದೆ. ನೀರಿನಲ್ಲಿ ಇಂಗಾಲ ಎರಡು ಮುಖ್ಯ ರೂಪದಲ್ಲಿ ಸಿಗುತ್ತದೆ: ಬಿಡಿ ಡೈಆಕ್ಸೈಡ್, ಮತ್ತು ಬೈಕಾರ್ಬೊನೇಟ್. ಎಷ್ಟೋ ನೀರಗಿಡಗಳು ಬೈಕಾರ್ಬೊನೇಟನ್ನೂ ಒಡೆದು ಬಳಸುತ್ತವೆ. ನಿಮ್ಮ ಅಲ್ಡ್ರೊವಾಂಡಕ್ಕಾಗಲಿ ಯುಟ್ರಿಕ್ಯುಲೇರಿಯಾಕ್ಕಾಗಲಿ ಅದು ಬರುವುದಿಲ್ಲ. ಅವಕ್ಕೆ ಬಿಡಿ ಅನಿಲವೇ ಬೇಕು. ಎರಡರ ಪಾಲು ಎಷ್ಟೆಷ್ಟು ಅನ್ನುವುದನ್ನು ಪಿಎಚ್ ನಿರ್ಧರಿಸುತ್ತದೆ. ಪಿಎಚ್ 6.4ರ ಹತ್ತಿರ ಎರಡೂ ಅರ್ಧರ್ಧ. 7.4ಕ್ಕೆ ಹೋದರೆ ಬಿಡಿ ಅನಿಲದ ಪಾಲು ನೂರಕ್ಕೆ ಒಂಬತ್ತು. 8.4ಕ್ಕೆ ನೂರಕ್ಕೆ ಒಂದು. ನಿಮ್ಮ ತೊಟ್ಟಿ 8.5 ತೋರಿಸುತ್ತಿದೆ.

ಬೋನುಗಳು ಚಿಕ್ಕದಾದದ್ದಕ್ಕೂ ಇದೇ ಕಾರಣ ಇರಬಹುದು. ಬೋನು ಅಗ್ಗದ ವಸ್ತು ಅಲ್ಲ. ಯುಟ್ರಿಕ್ಯುಲೇರಿಯಾದ ಪುಟ್ಟ ಚೀಲ ಒಳಗಿನ ನೀರನ್ನು ಹಗಲೂರಾತ್ರಿ ಹೊರಗೆ ಪಂಪ್ ಮಾಡಿ ಒತ್ತಡ ಇಳಿಸಿಕೊಂಡು ಕೂತಿರುತ್ತದೆ. ಬಾಗಿಲ ಕೂದಲಿಗೆ ಹುಳ ತಾಗಿದರೆ ಸಾಕು, ಒಂದು ಮಿಲಿಸೆಕೆಂಡ್‌ಗಿಂತ ಕಡಿಮೆ ಹೊತ್ತಿನಲ್ಲಿ ಒಳಗೆ ಸೆಳೆದುಬಿಡುತ್ತದೆ. ಸಸ್ಯಲೋಕದಲ್ಲಿ ಇಷ್ಟು ಚುರುಕಾದ ಬೋನು ಇನ್ನೊಂದಿಲ್ಲ. ಆದರೆ ಆ ಪಂಪಿಗೆ ಶಕ್ತಿ ಬೇಕು. ಚೀಲಗಳು ಎಲೆಗಿಂತ ಜಾಸ್ತಿ ಉಸಿರಾಡುತ್ತವೆ, ಎಲೆಗಿಂತ ಬಹಳ ಕಡಿಮೆ ಆಹಾರ ತಯಾರಿಸುತ್ತವೆ. ಅವುಗಳ ಖರ್ಚು ತೂಗಿಸುವುದು ಎಲೆಗಳು. ಎಲೆಗೇ ಇಂಗಾಲ ಸಿಗದಿದ್ದರೆ ಗಿಡ ಚೀಲದ ಖರ್ಚು ಕಡಿಮೆ ಮಾಡುತ್ತದೆ. ನೀರಿನಲ್ಲಿ ಗೊಬ್ಬರದ ಅಂಶ ಧಾರಾಳವಾಗಿದ್ದರೂ ಚೀಲ ಕಡಿಮೆಯಾಗುತ್ತವೆ, ಯಾಕೆಂದರೆ ಬೇಟೆಯ ಅಗತ್ಯವೇ ಇಲ್ಲ. ನಿಮ್ಮ ತೊಟ್ಟಿಯಲ್ಲಿ ಎರಡೂ ಒಟ್ಟಿಗೆ ನಡೆದಿವೆ.

ಈಗ ಮುಧೋಳದ ನೀರಿನ ಮಾತು. ಬಾಗಲಕೋಟೆ, ಲೋಕಾಪುರ, ಮುಧೋಳದ ಪಟ್ಟಿಯಲ್ಲಿ ನೆಲದಡಿ ಸುಣ್ಣಕಲ್ಲು ಎಷ್ಟಿದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸಿಮೆಂಟ್ ಕಾರ್ಖಾನೆಗಳು ಸುಮ್ನೆ ಅಲ್ಲಿ ಬಂದು ಕೂತಿಲ್ಲ. ಅಂಥ ಕಲ್ಲಿನ ಸಂದಿಯಿಂದ ಬಂದ ಬೋರ್ ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ. ಅದನ್ನು ಅಳೆಯಲು ಅಕ್ವೇರಿಯಂ ಅಂಗಡಿಯಲ್ಲಿ ಕೆಎಚ್ (ಕಾರ್ಬೊನೇಟ್ ಗಡಸುತನ) ಪರೀಕ್ಷೆಯ ಹನಿದ್ರವ ಸಿಗುತ್ತದೆ. ಮೀನು ಸಾಕುವವರು ಬಳಸುವ ಸರಳ ಸೂತ್ರ ಒಂದಿದೆ. ಕೆಎಚ್ ಅಂಕಿಯನ್ನು 3ರಿಂದ ಗುಣಿಸಿ. ಪಿಎಚ್ 7 ಆಗಿದ್ದರೆ ಬಂದದ್ದೇ ಲೀಟರಿಗೆ ಇಷ್ಟು ಮಿಲಿಗ್ರಾಂ ಬಿಡಿ ಡೈಆಕ್ಸೈಡ್. ಪಿಎಚ್ 8 ಆದರೆ ಹತ್ತರಿಂದ ಭಾಗಿಸಿ, 9 ಆದರೆ ನೂರರಿಂದ. ನಿಮ್ಮ ನೀರಿನ ಕೆಎಚ್ 15 ಇದೆ ಅಂದುಕೊಳ್ಳಿ. ಪಿಎಚ್ 8.4ರಲ್ಲಿ ಸಿಗುವುದು 1.8 ಮಿಲಿಗ್ರಾಂ. ಮಧ್ಯಾಹ್ನ ಪಿಎಚ್ 9 ಮುಟ್ಟಿದರೆ ಅರ್ಧ ಮಿಲಿಗ್ರಾಂಗೂ ಕಡಿಮೆ. ಎಲೆಕೊಳೆತದ ಕಂದು ನೀರಿಗೆ ಮಾತ್ರ ಈ ಸೂತ್ರ ಹಾಕಬೇಡಿ, ಅದರಲ್ಲಿನ ಹ್ಯೂಮಿಕ್ ಆಮ್ಲ ಲೆಕ್ಕ ಕೆಡಿಸುತ್ತದೆ.

ಇದೇ ಸೂತ್ರದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಅದೇ ಗಡಸು ನೀರಿನ ಪಿಎಚ್ 7ರಲ್ಲಿ ನಿಂತರೆ ಬಿಡಿ ಅನಿಲ 45 ಮಿಲಿಗ್ರಾಂ! ಅಂದರೆ ಗಡಸು ನೀರು ತಾನಾಗಿಯೇ ಶತ್ರು ಅಲ್ಲ. ಕೆರೆಯ ಮೂಲೆಯಲ್ಲಿ, ಜೊಂಡು ಕೊಳೆಯುತ್ತಿರುವ ಕಡೆ, ಸುಣ್ಣದ ನೀರಿನಲ್ಲೂ ಯುಟ್ರಿಕ್ಯುಲೇರಿಯಾ ಚೆನ್ನಾಗಿ ಬೆಳೆಯಬಹುದು. ಅಲ್ಲಿ ತಳದ ಕೊಳೆತ ಅನಿಲವನ್ನು ಒದಗಿಸುತ್ತಲೇ ಇರುತ್ತದೆ. “ಪಿಎಚ್ ಕಡಿಮೆ ಇರಬೇಕು” ಅನ್ನುವ ಸಲಹೆಯನ್ನು ಜನ ಮಂತ್ರದ ಹಾಗೆ ಹೇಳುತ್ತಾರೆ. ಪಿಎಚ್ ಬರೀ ಸೂಚನೆ. ಗಿಡಕ್ಕೆ ಬೇಕಾದ್ದು ಅದರ ಹಿಂದಿರುವ ಅನಿಲ.

ಹಾಗಾದರೆ ನಿಂಬೆಹಣ್ಣು? ಹಿಂಡಿದ ದಿನ ಪಿಎಚ್ ಇಳಿಯುತ್ತದೆ, ಬೈಕಾರ್ಬೊನೇಟ್ ಒಡೆದು ಅನಿಲವೂ ಹುಟ್ಟುತ್ತದೆ. ಆದರೆ ತೆರೆದ ತೊಟ್ಟಿಯಿಂದ ಅದು ಗಾಳಿಗೆ ಹಾರಿಹೋಗುತ್ತದೆ, ಪಿಎಚ್ ಮತ್ತೆ ಮೇಲೇರುತ್ತದೆ. ಸಿಮೆಂಟ್ ಗೋಡೆಯ ಸುಣ್ಣ ಬೇರೆ ಆಮ್ಲಕ್ಕೆ ಕರಗಿ ನೀರಿಗೆ ಇಳಿಯುತ್ತದೆ. ಅದರ ಮೇಲೆ ನಿಂಬೆಯ ಸಿಟ್ರಿಕ್ ಆಮ್ಲ ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಊಟ. ನೀರು ಹಾಲಿನಂತೆ ಮಬ್ಬಾಗಿ, ರಾತ್ರಿ ಆಮ್ಲಜನಕ ಕುಸಿಯಬಹುದು. ವಿನೆಗರ್‌ಗೂ ಇದೇ ಮಾತು. ನಿಂಬೆಯನ್ನು ಶರಬತ್ತಿಗೇ ಇಟ್ಟುಕೊಳ್ಳಿ.

ಹಾವಸಿಗೆ ಬರೋಣ. ಇದು ಬೇರೆ ಸಮಸ್ಯೆ ಅಂತ ನಿಮಗೆ ಅನ್ನಿಸಬಹುದು. ನನ್ನ ಪ್ರಕಾರ ಇದು ಅದೇ ಸಮಸ್ಯೆಯ ಇನ್ನೊಂದು ಮುಖ. ದಾರದ ಪಾಚಿಗೆ ನಿಮ್ಮ ಗಿಡಕ್ಕಿಲ್ಲದ ಅನುಕೂಲ ಇದೆ: ಸಾಮಾನ್ಯವಾಗಿ ಅದು ಬೈಕಾರ್ಬೊನೇಟನ್ನೂ ಬಳಸುತ್ತದೆ. ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಇರುವ ಬಿಡಿ ಅನಿಲವನ್ನು ಪಾಚಿ ಮೊದಲು ಮುಗಿಸುತ್ತದೆ. ಆಮೇಲೂ ನಿಲ್ಲದೆ ಬೈಕಾರ್ಬೊನೇಟ್ ತಿನ್ನುತ್ತಾ ಪಿಎಚ್ ಏರಿಸುತ್ತದೆ. ಹೊತ್ತು ನೆತ್ತಿಗೆ ಬರುವ ಮೊದಲೇ ನಿಮ್ಮ ಗಿಡದ ಅಂಗಡಿ ಬಂದ್. ಬೇಕಾದರೆ ಮಕ್ಕಳಿಂದ ಒಂದು ಪ್ರಯೋಗ ಮಾಡಿಸಿ. ಬೆಳಿಗ್ಗೆ ಆರಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ಪಿಎಚ್ ನೋಡಲಿ. ಎರಡರ ನಡುವೆ ಒಂದು ಅಂಕಿಯಷ್ಟು ಅಂತರ ಇದ್ದರೆ ತೊಟ್ಟಿಯ ಯಜಮಾನ ಪಾಚಿ ಅಂತ ಅರ್ಥ.

ಪಾಚಿ ಇಷ್ಟು ಕೊಬ್ಬಿದ್ದು ಯಾಕೆ ಅನ್ನುವುದಕ್ಕೆ ನಿಮ್ಮ ಪತ್ರದಲ್ಲೇ ಸುಳಿವಿದೆ. ಅಝೋಲಾ ಬೆಳೆಸಲು ಸಗಣಿ ಮತ್ತು ಸೂಪರ್ ಫಾಸ್ಫೇಟ್ ಹಾಕುವುದು ನಮ್ಮ ಕಡೆ ರೂಢಿ. ಅಝೋಲಾಕ್ಕೆ ಸಾರಜನಕ ಬೇಕಿಲ್ಲ, ಅದನ್ನು ತನ್ನೊಳಗಿನ ಸೂಕ್ಷ್ಮಜೀವಿಗಳ ಸಹಾಯದಿಂದ ಗಾಳಿಯಿಂದಲೇ ಹಿಡಿಯುತ್ತದೆ. ಅದಕ್ಕೆ ಬೇಕಾದ್ದು ರಂಜಕ. ಆ ರಂಜಕದ ಉಳಿಕೆ ತೊಟ್ಟಿಯ ತಳದ ರಾಡಿಯಲ್ಲೂ ಸಿಮೆಂಟಿನ ಸಂದಿಯಲ್ಲೂ ಕೂತಿರುತ್ತದೆ. ನೀರು ಬದಲಿಸಿದರೂ ನಿಧಾನಕ್ಕೆ ಹೊರಗೆ ಬರುತ್ತದೆ. ಅದರ ಮೇಲೆ ಒಂದು ಚಮಚ ಎನ್‌ಪಿಕೆ! ಪಾಚಿ ಇನ್ನೇನು ಮಾಡಬೇಕು ಹೇಳಿ.

ಪಾಚಿನಾಶಕ ಅಂತ ಮೈಲುತುತ್ತ ಹಾಕಲು ಯಾರಾದರೂ ಹೇಳಿಯಾರು. ದ್ರಾಕ್ಷಿ ತೋಟದವರ ಮನೆಯಲ್ಲಿ ಅದು ಇದ್ದೇ ಇರುತ್ತದೆ. ಬೇಡ. ತಾಮ್ರ ಪಾಚಿಯನ್ನು ಕೊಲ್ಲುವ ಮೊದಲು ನೀರಿನ ಚಿಗಟಗಳನ್ನು ಕೊಲ್ಲುತ್ತದೆ. ನಿಮ್ಮ ಗಿಡದ ಊಟವೇ ಅವು. ಕೈಯಿಂದ, ಒರಟು ಕಡ್ಡಿಗೆ ಸುತ್ತಿಕೊಂಡು ತೆಗೆಯುವುದೇ ದಾರಿ. ಬೇಸರದ ಕೆಲಸ, ಆದರೆ ಇದಕ್ಕೆ ಅಡ್ಡದಾರಿ ಇಲ್ಲ. ತೆಗೆದ ಪಾಚಿಯನ್ನು ಹೊರಗೆ ಹಾಕಿ. ಅಲ್ಲೇ ಬಿಟ್ಟರೆ ಕೊಳೆತು ರಂಜಕ ವಾಪಸ್ ಕೊಡುತ್ತದೆ.

ಈ ತೊಟ್ಟಿಯನ್ನು ತೊಳೆದು ರಿಪೇರಿ ಮಾಡುವುದಕ್ಕಿಂತ ಹೊಸದಾಗಿ ಶುರು ಮಾಡುವುದು ಸುಲಭ. ನೂರು ಲೀಟರ್ ಹಿಡಿಯುವ, ಬಾಯಿ ಅಗಲವಾದ ಪ್ಲಾಸ್ಟಿಕ್ ಟಬ್ ತನ್ನಿ. ಸಿಮೆಂಟೇ ಬೇಕು ಅಂದರೆ ಒಳಗೆ ಸಿಲ್ಪಾಲಿನ್ ಹಾಳೆ ಹಾಸಿ. ಮಳೆನೀರಿನಂಥ ಮೆದು ನೀರು ನೇರವಾಗಿ ಸಿಮೆಂಟಿಗೆ ತಾಗಿದರೆ ಸುಣ್ಣ ಕರಗಿಸಿಕೊಂಡು ಮತ್ತೆ ಪಿಎಚ್ ಏರಿಸುತ್ತದೆ. ನೀರಿನ ಆಳ 25–30 ಸೆಂಟಿಮೀಟರ್ ಸಾಕು.

ನೀರಿಗೆ ಮಳೆಯನ್ನೇ ನಂಬಿ. ನಿಮ್ಮ ಕಡೆ ಮಳೆ ಕಡಿಮೆ, ನಿಜ. ಬೆಳಗಾವಿಯಲ್ಲಿ ಕೂತು ಮಳೆನೀರು ಹಿಡಿಯಿರಿ ಅನ್ನುವುದು ನನಗೆ ಸುಲಭ. ಆದರೆ ಲೆಕ್ಕ ನೋಡಿ. ಒಂದು ಚದರ ಮೀಟರ್ ಮಾಳಿಗೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹತ್ತು ಚದರ ಮೀಟರ್ ಮಾಳಿಗೆಗೆ 50 ಮಿಲಿಮೀಟರ್ ಬಿದ್ದರೆ 500 ಲೀಟರ್. ನಿಮ್ಮ ಕಡೆ ಸೆಪ್ಟೆಂಬರ್ ಮಳೆ ಚೆನ್ನಾಗಿ ಬಂದರೆ ಎರಡು ಡ್ರಮ್ ಆರಾಮಾಗಿ ತುಂಬುತ್ತವೆ. ಮೊದಲ ಒಂದೆರಡು ಮಳೆ ಹರಿದುಹೋಗಲಿ. ಮಾಳಿಗೆ ಮೇಲಿನ ಪಾರಿವಾಳದ ಹಿಕ್ಕೆಯಲ್ಲಿ ರಂಜಕ ತುಂಬಿರುತ್ತದೆ. ಡ್ರಮ್ಮಿಗೆ ಬಿಗಿ ಮುಚ್ಚಳ ಇರಲಿ.

ಮಳೆ ಬರುವ ತನಕ ಆರ್‌ಓ ನೀರು ಆದೀತು. ಮಿನರಲ್ ವಾಪಸ್ ಸೇರಿಸುವ ಕಾರ್ಟ್ರಿಡ್ಜ್ ಇದ್ದರೆ ಅದಕ್ಕೂ ಮುಂಚೆಯೇ ನೀರು ಹಿಡಿಯಿರಿ. ಆರ್‌ಓದಿಂದ ಹೊರಬೀಳುವ ತ್ಯಾಜ್ಯ ನೀರನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ, ಅದು ಬೋರ್ ನೀರಿಗಿಂತ ಉಪ್ಪು. ಹಾಗೆಂದು ಬರೀ ಶುದ್ಧ ನೀರೂ ಒಳ್ಳೆಯದಲ್ಲ. ಪೊಟ್ಯಾಶಿಯಂನಂಥವನ್ನು ಈ ಗಿಡ ನೀರಿನಿಂದಲೇ ಹೀರುತ್ತದೆ, ಸತ್ತ ಬಾಲದಿಂದ ಅದನ್ನು ಸರಿಯಾಗಿ ವಾಪಸ್ ಪಡೆಯಲೂ ಆಗುವುದಿಲ್ಲ. ತಳಕ್ಕೆ ಹಾಕುವ ಎಲೆಗಳಿಂದ ಒಂದಿಷ್ಟು ಸಿಗುತ್ತದೆ. ಹತ್ತು ಕೊಡ ಆರ್‌ಓ ನೀರಿಗೆ ಅರ್ಧ ಕೊಡ ಬೋರ್ ನೀರು ಸೇರಿಸಿದರೆ ಉಳಿದದ್ದೂ ಆಗುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ಮೋಸ ನಡೆಯುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ತೆರೆದ ನೀರು ದಿನಕ್ಕೆ ಒಂದು ಸೆಂಟಿಮೀಟರ್‌ವರೆಗೂ ಇಂಗಬಹುದು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. 30 ಸೆಂಟಿಮೀಟರ್ ಆಳದ ತೊಟ್ಟಿಗೆ ದಿನಾ ಸ್ವಲ್ಪ ಸ್ವಲ್ಪ ಅಂತ ಒಟ್ಟು 30 ಸೆಂಟಿಮೀಟರ್ ಬೋರ್ ನೀರು ಸೇರಿಸಿದಿರೋ, ಸುಣ್ಣ ಒಂದಿಷ್ಟು ತಳಕ್ಕೆ ಕೂತರೂ, ಉಳಿದ ಉಪ್ಪು ದುಪ್ಪಟ್ಟು. ಆರಂಭಕ್ಕೆ ಒಳ್ಳೆಯ ನೀರು ತುಂಬಿ ಆಮೇಲೆ ನಲ್ಲಿ ನೀರು ಸೇರಿಸುವವರು ಇಲ್ಲೇ ಎಡವುತ್ತಾರೆ. ಸೇರಿಸುವ ನೀರು ತುಂಬಿದ ನೀರಿಗಿಂತಲೂ ಮೆದುವಾಗಿರಬೇಕು.

ಇಂಗಾಲ ಒದಗಿಸುವ ಕೆಲಸವನ್ನು ತಳದ ಒಣ ಎಲೆಗಳಿಗೆ ಬಿಡಿ. ಯುರೋಪಿನವರು ಇದಕ್ಕೆ ಸೆಡ್ಜ್ ಜಾತಿಯ ಹುಲ್ಲಿನ ಒಣ ಎಲೆ ಬಳಸುತ್ತಾರೆ. ಗಟ್ಟಿ ನಾರು, ಕಡಿಮೆ ಗೊಬ್ಬರದ ಅಂಶ, ನಿಧಾನ ಕೊಳೆತ. ಈ ಮೂರು ಗುಣ ಇದ್ದರೆ ಸಾಕು. ನಮ್ಮ ಕಡೆ ಘಟಪ್ರಭಾ ದಂಡೆಯ ಜೊಂಡಿನ ಪೂರ್ತಿ ಒಣಗಿದ ಎಲೆ ಆಗುತ್ತದೆ. ಕಬ್ಬಿನ ರವದಿಯೂ ಆಗುತ್ತದೆ, ಕಳೆನಾಶಕ ಹೊಡೆಯದ ಹೊಲದ್ದಾಗಿದ್ದರೆ. ಹೊಲದವರನ್ನು ಕೇಳಿಯೇ ತನ್ನಿ. ಕಬ್ಬಿನ ಸಿಪ್ಪೆ, ಹಿಂಡಿದ ಜಲ್ಲೆ ಬೇಡ. ಅದರಲ್ಲಿ ಉಳಿದ ಸಕ್ಕರೆ ಎರಡೇ ದಿನಕ್ಕೆ ನೀರು ಹುಳಿಯಿಸುತ್ತದೆ. ಹಸಿ ಎಲೆಯೂ ಬೇಡ. ಕಾಡುಬಾದಾಮಿಯ ಉದುರಿದ ಕೆಂಪು ಎಲೆ ನಾಲ್ಕೈದು ಸೇರಿಸಿದರೆ ನೀರಿಗೆ ಚಹಾದ ಬಣ್ಣ ಬರುತ್ತದೆ. ಆ ಬಣ್ಣ ಕೊಳಕಲ್ಲ. ಬೆಳಕು ಕಡಿಮೆ ಮಾಡಿ ಪಾಚಿಯನ್ನು ಹಿಡಿತದಲ್ಲಿಡುತ್ತದೆ.

ಎಲೆಗಳನ್ನು ಬೇರೆ ಬಕೆಟ್‌ನಲ್ಲಿ ಎರಡು ವಾರ ನೆನೆಸಿ, ಆ ನೀರನ್ನು ಒಂದೆರಡು ಸಲ ಚೆಲ್ಲಿ. ಬೇಗ ಕರಗುವ ಸಾರವೆಲ್ಲ ಹೋಗಲಿ. ಆಮೇಲೆ ಟಬ್ಬಿನ ತಳಕ್ಕೆ ಎರಡು ಬೆರಳು ದಪ್ಪ ಸಡಿಲವಾಗಿ ಹರಡಿ ನೀರು ತುಂಬಿಸಿ. ಮೂರ್ನಾಲ್ಕು ವಾರ ಹಾಗೇ ಬಿಡಿ. ಬೆರಳಿನಿಂದ ತಳ ಕೆದಕಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಎಲೆ ಜಾಸ್ತಿಯಾಗಿದೆ, ಅರ್ಧ ತೆಗೆಯಿರಿ. ಮಣ್ಣಿನ ವಾಸನೆ ಬಂದರೆ ಗಿಡ ಬಿಡಬಹುದು. ಅಲ್ಲಿಯವರೆಗೆ ಉಳಿದಿರುವ ಕುಡಿಗಳನ್ನು ಪಾಚಿ ಬಿಡಿಸಿ, ನೆರಳಿನಲ್ಲಿ ಒಂದು ಬಕೆಟ್ ಮೆದು ನೀರಿನಲ್ಲಿ ಎರಡು ಒಣ ಎಲೆಯ ಜೊತೆ ಇಟ್ಟುಕೊಳ್ಳಿ. ಐದಾರು ಸೆಂಟಿಮೀಟರ್ ಹಸಿರು ಕುಡಿ ಉಳಿದಿದ್ದರೂ ಗಿಡ ಬದುಕಿಕೊಳ್ಳುತ್ತದೆ.

ಯೀಸ್ಟ್ ಮತ್ತು ಸಕ್ಕರೆ ಬಾಟಲಿಯಿಂದ ಅನಿಲ ಬಿಡುವ ಉಪಾಯ ಅಕ್ವೇರಿಯಂನವರಲ್ಲಿದೆ. ಒಳಗಿನ ಗಾಜಿನ ತೊಟ್ಟಿಗೆ ಅದು ಸರಿ. ಮಾಳಿಗೆ ಮೇಲಿನ ತೆರೆದ ಟಬ್ಬಿಗೆ ವ್ಯರ್ಥ. ನಮ್ಮ ಬಿಸಿಲಿಗೆ ಯೀಸ್ಟ್ ಕೆರಳಿ ಬಾಟಲಿಯ ನೊರೆ ನೀರಿಗೆ ಬಂದರೆ ಎಲ್ಲವೂ ಹಾಳು.

ಬಿಸಿಲಿನ ವಿಚಾರದಲ್ಲಿ ಒಂದು ಮಾತು. ಪೂರ್ತಿ ಬಿಸಿಲು ಈ ಗಿಡಗಳಿಗೆ ಬೇಕಿಲ್ಲ. 50 ಶೇಕಡಾ ತಡೆಯುವ ಹಸಿರು ಶೇಡ್‌ನೆಟ್ ಕಟ್ಟಿ, ಪಾಚಿಯ ಅರ್ಧ ಬಲ ಅಲ್ಲೇ ಹೋಗುತ್ತದೆ. ಅಲ್ಡ್ರೊವಾಂಡಕ್ಕೆ ನೀರು 25ರಿಂದ 30 ಡಿಗ್ರಿ ಇದ್ದರೆ ಹಿತ. ಹೊರಗೆ 40 ದಾಟಿದ ದಿನ ಕಪ್ಪು ಟಬ್ಬಿನ ನೀರು ಎಷ್ಟು ಕಾಯುತ್ತದೆ ಅಂತ ಕೈ ಅದ್ದಿ ನೋಡಿ. ನೀರು ಬಿಸಿಯಾದಷ್ಟೂ ಗಿಡದ ಉಸಿರಾಟದ ಖರ್ಚು ಜಾಸ್ತಿ, ಕರಗುವ ಅನಿಲ ಕಡಿಮೆ. ಸಾಧ್ಯವಾದರೆ ಮಾಳಿಗೆ ಬಿಟ್ಟು ಶಾಲೆಯ ಅಂಗಳದ ಬೇವಿನ ಮರದ ಪೂರ್ವಕ್ಕೆ, ಅರ್ಧ ನೆಲದಲ್ಲಿ ಹೂತು ಇಡಿ. ಆಗದಿದ್ದರೆ ಟಬ್ಬಿನ ಸುತ್ತ ಒದ್ದೆ ಗೋಣಿಚೀಲ ಸುತ್ತಿ.

ಟಬ್ಬಿನಲ್ಲಿ ಒಂದೆರಡು ಕುಂಡ ಜೊಂಡು ಅಥವಾ ಜೇಕು ಇರಲಿ. ನೆರಳೂ ಆಯಿತು, ನೀರಿನ ರಂಜಕ ಹೀರಿದ ಹಾಗೂ ಆಯಿತು. ಅಂತರಗಂಗೆ, ಅಝೋಲಾ ಒಂದು ಎಳೆಯೂ ಒಳಗೆ ಬರದಿರಲಿ. ತಿಂಗಳೊಳಗೆ ಮೇಲ್ಮೈ ಮುಚ್ಚಿಬಿಡುತ್ತವೆ.

ಹುಳದ ಮಾತು ಕೊನೆಗೆ ಇಟ್ಟೆ, ಅದು ಮುಖ್ಯ ಅಲ್ಲ ಅಂತಲ್ಲ. ಇಂಗಾಲ ಸಿಗಲು ಶುರುವಾದ ಮೇಲೆ ಮುಂದಿನ ಕೊರತೆ ಬೇಟೆಯೇ. ಆಗ ಹುಳ ಹಾಕಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: ಕುಡಿ ದಪ್ಪವಾಗುತ್ತದೆ, ಪಕ್ಕದ ಕವಲು ಬೇಗ ಬೇಗ ಒಡೆಯುತ್ತವೆ. ಅಲ್ಡ್ರೊವಾಂಡದ ಬೋನು ಅರ್ಧ ಸೆಂಟಿಮೀಟರ್, ಯುಟ್ರಿಕ್ಯುಲೇರಿಯಾದ್ದು ಅದಕ್ಕಿಂತ ಸಣ್ಣದು. ಮೊಯಿನಾ, ಡಾಫ್ನಿಯಾದಂಥ ನೀರಿನ ಚಿಗಟಗಳು, ಸೈಕ್ಲೋಪ್ಸ್ ಸರಿಯಾದ ಅಳತೆ. ನಮ್ಮ ಬಿಸಿಲಿಗೆ ಮೊಯಿನಾ ಚೆನ್ನಾಗಿ ತಾಳುತ್ತದೆ, ಬಣ್ಣದ ಮೀನು ಸಾಕುವವರ ಹತ್ತಿರ ಸಿಗುತ್ತದೆ. ಕೆರೆಯಿಂದ ತರುವುದಾದರೆ ಚಹಾ ಸೋಸುವ ಜಾಲರಿಯಲ್ಲಿ ಸೋಸಿ ತನ್ನಿ. ಇಲ್ಲದಿದ್ದರೆ ಮೀನುಮರಿ, ಬಸವನಹುಳು, ಪಾಚಿಯ ಎಳೆ ಎಲ್ಲ ಜೊತೆಗೆ ಬರುತ್ತವೆ.

ಸೊಳ್ಳೆಮರಿ ಹಾಕುವುದನ್ನು ನಿಲ್ಲಿಸಿ. ಬೆಳೆದ ಮರಿ ಯುಟ್ರಿಕ್ಯುಲೇರಿಯಾದ ಚೀಲಕ್ಕೆ ದೊಡ್ಡದು. ಅರ್ಧ ಸಿಕ್ಕಿಕೊಂಡು ಚೀಲವೂ ಕೊಳೆಯುತ್ತದೆ. ಉಳಿದ ಮರಿ ಒಂದು ವಾರ, ಹತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತವೆ. ಈ ಗಿಡ ಇದ್ದರೆ ಸೊಳ್ಳೆಯೇ ಇರುವುದಿಲ್ಲ ಅನ್ನುವ ಪ್ರಚಾರ ಕೇಳಿರಬಹುದು, ನಂಬಬೇಡಿ. ಡೆಂಗಿ ಹರಡುವ ಸೊಳ್ಳೆ ಇಂಥ ನಿಂತ ನೀರನ್ನೇ ಹುಡುಕಿ ಮೊಟ್ಟೆ ಇಡುತ್ತದೆ. ಆಶಾ ಕಾರ್ಯಕರ್ತೆಯರು ಲಾರ್ವಾ ನೋಡಲು ಬಂದಾಗ ನಿಮ್ಮ ವಿಜ್ಞಾನದ ಟಬ್ಬನ್ನು ಬೋರಲು ಹಾಕಿಸಿದರೆ ತಪ್ಪು ಅವರದಲ್ಲ. ಟಬ್ಬಿನ ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಬಿಗಿಯಾಗಿ ಕಟ್ಟಿ. ಗಪ್ಪಿ ಬಿಡುವ ಯೋಚನೆ ಬೇಡ, ಅವು ಚಿಗಟಗಳನ್ನೆಲ್ಲ ತಿಂದು ಗಿಡವನ್ನು ಉಪವಾಸ ಕೆಡವುತ್ತವೆ.

ಖಾನಾಪುರದ ಪ್ರವಾಸ ಖಂಡಿತ ಮಾಡಿ. ಮಳೆ ಕಡಿಮೆಯಾಗುವ ಹೊತ್ತಿಗೆ ಜಾಂಬೋಟಿ, ಕಣಕುಂಬಿ ಕಡೆಯ ಕೆಂಪುಕಲ್ಲಿನ ಬಯಲಿನಲ್ಲಿ ನೀಲಿ–ನೇರಳೆ ಹೂವಿನ ಯುಟ್ರಿಕ್ಯುಲೇರಿಯಾ, ಅಂಟುಹನಿಯ ಡ್ರೊಸೆರಾ ಕಾಣಬಹುದು. ಮಕ್ಕಳಿಗೆ ತೋರಿಸಿ, ಭೂತಗನ್ನಡಿ ಕೊಡಿ. ಕಿತ್ತು ತರಬೇಡಿ. ಅವು ತೆಳು ಒದ್ದೆ ಮಣ್ಣಿನ ಗಿಡಗಳು. ಹೂವಾಗಿ ಬೀಜ ಚೆಲ್ಲಿ ಅಲ್ಲೇ ಮುಗಿಯುವಂಥವು ಹೆಚ್ಚು. ನಿಮ್ಮ ಟಬ್ಬಿನಲ್ಲಿ ಹೇಗೂ ಬದುಕುವುದಿಲ್ಲ. ಕಾಡಿನ ಜಾಗವಾದರೆ ಕೀಳುವುದು ಅಪರಾಧವೂ ಹೌದು.

ಅದೇ ರೀತಿ, ನಿಮ್ಮ ಅಲ್ಡ್ರೊವಾಂಡ ಹೆಚ್ಚಾದರೆ ಊರ ಕೆರೆಗೆ ಬಿಡಬೇಡಿ. ಜಗತ್ತಿನಲ್ಲಿ ಅಳಿವಿನಂಚಿಗೆ ಬಂದ ಗಿಡ ಅದು. ಲಿನ್ನಿಯಸ್ 1753ರಲ್ಲಿ ಈಗಿನ ಹೆಸರು ಕೊಡುವುದಕ್ಕೆ ಸುಮಾರು ಅರವತ್ತು ವರ್ಷ ಮೊದಲೇ, 1690ರ ದಶಕದಲ್ಲಿ, ಇಂಗ್ಲೆಂಡಿನ ಸಸ್ಯವಿಜ್ಞಾನಿ ಲಿಯೊನಾರ್ಡ್ ಪ್ಲಕ್ನೆಟ್ ಅದನ್ನು ಭಾರತದ ಮಾದರಿ ನೋಡಿ ದಾಖಲಿಸಿದ್ದರು. ಹಾಗಂತ ಎಲ್ಲಿಂದಲೋ ಬಂದ ತಳಿಯನ್ನು ಘಟಪ್ರಭಾಕ್ಕೆ ಸೇರಿಸುವುದು ಸಂರಕ್ಷಣೆ ಆಗುವುದಿಲ್ಲ. ಇನ್ನೊಂದು ಶಾಲೆಗೆ ಕೊಡಿ.

ಹೊಸ ಟಬ್ಬಿಗೆ ಗಿಡ ಬಿಟ್ಟು ಮೂರು ವಾರ ಆದ ಮೇಲೆ ಮತ್ತೆ ಬರೆಯಿರಿ. ಬೆಳಿಗ್ಗೆ ಮತ್ತು ಸಂಜೆಯ ಪಿಎಚ್, ಬೋರ್ ನೀರಿನ ಕೆಎಚ್, ದಾರದ ಮೇಲೆ ವಾರಕ್ಕೆ ಬಂದ ಸುತ್ತುಗಳ ಲೆಕ್ಕ, ಮಧ್ಯಾಹ್ನ ಎರಡಕ್ಕೆ ನೀರಿನ ಉಷ್ಣತೆ ಇಷ್ಟು ಇರಲಿ. ಫೋಟೋ ಕಳಿಸುವುದಾದರೆ ಬಾಲದ್ದಲ್ಲ, ಕುಡಿಯದ್ದು ತೆಗೆದು ಕಳಿಸಿ.